ಅಪ್ಪ ಅಮ್ಮನ ಜೊತೆ ಸೆಕ್ವೊಯಾ ಕಾಡಿಗೆ

ಕ್ಯಾಲಿಫೋರ್ನಿಯಾದ ಸೆಕ್ವೊಯಾ ನ್ಯಾಷನಲ್ ಪಾರ್ಕನ್ನು ಒಂದೇ ದಿನದಲ್ಲಿ ನೋಡಿ ಬರಬಹುದು ಅಂತ ಸ್ಯಾನ್ ಹೋಸೆಯ ಗೆಳೆಯರು ಹೇಳುತ್ತಿದ್ದರು. ವಯಸ್ಸಾದವರು ಜೊತೆಗಿದ್ದರೆ ಅದು ಬೇಡ. ನಾವು ಹಿಂದಿನ ರಾತ್ರಿ ಬೆಟ್ಟದ ಬುಡದ ಥ್ರೀ ರಿವರ್ಸ್ ಊರಿನಲ್ಲಿ ಉಳಿದುಕೊಂಡು, ಅಲ್ಲೇ ಪೆಟ್ರೋಲ್ ತುಂಬಿಸಿದೆವು. ಪಾರ್ಕಿನೊಳಗೆ ಬಂಕ್ ಇಲ್ಲ. ಅಲ್ಲಿಂದ ರಸ್ತೆ ಸುಮಾರು 2,000 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ.

ಬೆಳಿಗ್ಗೆ ಬೇಗ ಜನರಲ್ ಶೆರ್ಮನ್ ಅನ್ನುವ ಸೆಕ್ವೊಯಾ ಮರದ ಹತ್ತಿರ ಹೋದೆವು. ಎತ್ತರ 83 ಮೀಟರ್, ಬುಡದ ಅಗಲ 11 ಮೀಟರ್. ಇದಕ್ಕಿಂತ ಎತ್ತರದ ಮರಗಳಿವೆ, ಆದರೆ ಕಾಂಡದ ಗಾತ್ರದಲ್ಲಿ ಇದೇ ಜಗತ್ತಿಗೆ ದೊಡ್ಡದು. ಮೇಲಿನ ಪಾರ್ಕಿಂಗಿನಿಂದ ಇಳಿಯುವುದು ಸುಲಭ, ಹತ್ತುವುದೇ ಕಷ್ಟ. ಬೇಸಿಗೆಯಲ್ಲಿ ಕೆಳಗಿನ ರಸ್ತೆಗೂ ಪುಕ್ಕಟೆ ಬಸ್ ಬರುತ್ತದೆ. ಮಂಡಿ ನೋವಿರುವ ಅಮ್ಮನಿಗೆ ಅದೇ ಆಸರೆಯಾಯಿತು.

ಹೆಚ್ಚಿನವರು ಅಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲೇ ಕಾಂಗ್ರೆಸ್ ಟ್ರೇಲ್ ಅನ್ನುವ ಕಾಲುದಾರಿ ಇದೆ. ಸ್ವಲ್ಪ ದೂರ ನಡೆದರೆ ಜನ ಕಡಿಮೆಯಾಗುತ್ತಾರೆ, ಮರಗಳು ಮಾತ್ರ ಜಾಸ್ತಿ. ಎಷ್ಟೋ ಮರಗಳ ಬುಡ ಸುಟ್ಟು ಕಪ್ಪಾಗಿದೆ, ಮೇಲೆ ಹಸಿರು ತುಂಬಿದೆ. ತೊಗಟೆ 60 ಸೆಂಟಿಮೀಟರ್‌ವರೆಗೂ ದಪ್ಪ ಇರುವುದರಿಂದ ಸಣ್ಣ ಬೆಂಕಿ ಒಳಗೆ ಇಳಿಯುವುದಿಲ್ಲ. ಅದರ ಬಿಸಿಗೆ ಕಾಯಿ ಒಣಗಿ ಬಾಯಿಬಿಟ್ಟು, ಬೀಜ ಬೂದಿ ನೆಲಕ್ಕೆ ಉದುರುತ್ತದೆ. ಆದರೆ ದಶಕಗಳ ಕಾಲ ಎಲ್ಲ ಬೆಂಕಿಯನ್ನೂ ನಂದಿಸುತ್ತಾ ಬಂದಿದ್ದರಿಂದ ಕಾಡಿನಲ್ಲಿ ಒಣ ಕಸ ರಾಶಿ ಬಿತ್ತು. ಬರವೂ ಸೇರಿಕೊಂಡು, 2020 ಮತ್ತು 2021ರ ಬೆಂಕಿಯಲ್ಲಿ ಸಾವಿರಾರು ದೊಡ್ಡ ಸೆಕ್ವೊಯಾಗಳು ಸತ್ತವು. ಇದನ್ನು ಹೇಳಿದಾಗ ಅಪ್ಪ ಒಂದು ಕಪ್ಪು ಬುಡದ ಮುಂದೆ ನಿಂತು, "ಇಷ್ಟು ಸುಟ್ಟರೂ ಬದುಕಿದೆಯಲ್ಲೋ" ಅಂದರು. ನನಗೆ ಈ ಕಾಡೆಂದರೆ ಆ ಸುಟ್ಟ ಮರಗಳೇ.

ಮಧ್ಯಾಹ್ನ ಕ್ರಿಸ್ಟಲ್ ಕೇವ್. ಟಿಕೆಟ್ ಗುಹೆಯ ಬಾಗಿಲಲ್ಲಿ ಸಿಗುವುದಿಲ್ಲ, ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ಟಿಕೆಟಿನ ಸಮಯ ಗೊತ್ತಾದ ಮೇಲೇ ನಾನು ಉಳಿದ ದಿನವನ್ನು ಹೊಂದಿಸಿದ್ದು. ಬೇರೆ ಗುಹೆಗೆ ಹಾಕಿಕೊಂಡು ಹೋದ ಬಟ್ಟೆ, ಶೂ ಬೇಡ. ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರ ಅದರಲ್ಲಿ ಅಂಟಿಕೊಂಡು ಬರಬಹುದು. ಒಳಗೆ ಬೇಸಿಗೆಯಲ್ಲೂ ಸುಮಾರು 10 ಡಿಗ್ರಿ, ಸ್ವೆಟರ್ ಬೇಕೇ ಬೇಕು. ಮಾರ್ಬಲ್ ಕಲ್ಲನ್ನು ನೀರು ಕೊರೆದು ಮಾಡಿದ ಗುಹೆ ಅದು. ಒಳಗೆ ಈಗಲೂ ತೊರೆ ಹರಿಯುತ್ತದೆ.

ಗುಹೆಯಿಂದ ವಾಪಸ್ ಬರುವಾಗ ಸುಮಾರು 800 ಮೀಟರ್ ದೂರ ಕಡಿದಾದ ಏರು. ಅಮ್ಮ ನನ್ನ ಹೆಂಡತಿಯ ಜೊತೆ ಜೈಂಟ್ ಫಾರೆಸ್ಟ್ ಮ್ಯೂಸಿಯಂನಲ್ಲೇ ಉಳಿದರು. ಅಪ್ಪ ನಿಂತು ನಿಂತು ಹತ್ತಿದರು. ನಾನೂ ಅವಸರ ಮಾಡಲಿಲ್ಲ.