ಕುಯ್ಲಿನ ತಿಂಗಳ ಹಾಜರಿ

ನಮ್ಮಪ್ಪ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದ್ರೆ ಕತೆ ಬರೆಯುವವರಲ್ಲ. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕಿಲೋ ಹಣ್ಣು ಕುಯ್ದರು, ಯಾರ ಮುಂಗಡ ಎಷ್ಟು ಬಾಕಿ, ಇದನ್ನೆಲ್ಲ ಚೆಕ್‌ರೋಲಿನಲ್ಲಿ ಬರೆಯುವವರು. ಪುಸ್ತಕದಲ್ಲಿ ಗೆರೆ ಎಳೆದು ಹೆಸರು ಬರೆಯುವ ಚಾಳಿ ನನಗೆ ಅಲ್ಲಿಂದಲೇ ಬಂದಿರಬೇಕು.

ಹೆಣ್ಣುಮಕ್ಕಳ ಓದು, ಸಮಾನ ಹಕ್ಕು ಅಂತ ನಾನು ತಲೆ ಕೆಡಿಸಿಕೊಂಡಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಈಗ ಸೆಕೆಂಡ್ ಪಿಯುಸಿ ಮುಗಿದಿದೆ. ಮೊದಲ ವರ್ಷ ನಾನು ಮಾಡಿದ್ದು ಬರೀ ಭಾಷಣ. ಅದೂ ಸರಿಯಾಗಿ ಆಗಲಿಲ್ಲ.

ಮಲಾಲಾ ಬಗ್ಗೆ ಕನ್ನಡ ಮಿಸ್ ಒಂದು ದಿನ ಹೇಳಿದ್ದರು. ಪಾಕಿಸ್ತಾನದ ಸ್ವಾತ್ ಕಣಿವೆಯ ಹುಡುಗಿ, 17ನೇ ವಯಸ್ಸಿಗೆ, 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಅವಳ ಹುಟ್ಟುಹಬ್ಬ ಜುಲೈ 12. ಅವತ್ತು ಶಾಲೆಯಲ್ಲಿ ಕಾರ್ಯಕ್ರಮ ಮಾಡೋಣ ಅಂತ ಚಾರ್ಟ್ ಬರೆದೆ, ನಾಲ್ಕು ಬಣ್ಣದ ಸ್ಕೆಚ್ ಪೆನ್ ಖಾಲಿ ಮಾಡಿದೆ. ಕೊಡಗಿನಲ್ಲಿ ಜುಲೈ ಅಂದ್ರೆ ಗೊತ್ತಲ್ವಾ? ಹಿಂದಿನ ಸಂಜೆಯೇ ಮಳೆ ರಜೆ ಘೋಷಣೆಯಾಯಿತು. ಹೋಗಲಿ, ಅಕ್ಟೋಬರ್ 11 ಅಂತರರಾಷ್ಟ್ರೀಯ ಹೆಣ್ಣುಮಕ್ಕಳ ದಿನ ಅಂತ ಮುಂದೂಡಿದೆ. ಅಷ್ಟೊತ್ತಿಗೆ ದಸರಾ ರಜೆ. ಕೊನೆಗೆ ಜನವರಿ 24, ರಾಷ್ಟ್ರೀಯ ಹೆಣ್ಣುಮಕ್ಕಳ ದಿನ ಅಂತ ಗಟ್ಟಿ ಮಾಡಿದೆವು. ಮಳೆಯಿಲ್ಲ, ರಜೆಯಿಲ್ಲ. ಪ್ರೇಯರ್ ಆದಮೇಲೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಮಾತಾಡುತ್ತಾ ಮಾತಾಡುತ್ತಾ ಹುಡುಗಿಯರ ಸಾಲು ನೋಡಿದೆ. ತೀರಾ ಗಿಡ್ಡ ಇತ್ತು.

ಜನವರಿ ಅಂದ್ರೆ ರೋಬಸ್ಟಾ ಕುಯ್ಲು. ಯಾರಿಗೋಸ್ಕರ ಭಾಷಣ ಬರೆದಿದ್ದೆನೋ ಅವರೆಲ್ಲ ತೋಟದಲ್ಲಿದ್ದರು.

ಅವತ್ತು ಸಂಜೆ ಅಪ್ಪನಿಗೆ ಚಹಾ ತೆಗೆದುಕೊಂಡು ಕಣದ ಹತ್ತಿರ ಹೋದೆ. ತೂಕ ನಡೆಯುತ್ತಿತ್ತು. ನಮ್ಮ ಕಾಂಪೌಂಡಿನ ಪ್ರೈಮರಿಯಲ್ಲಿ ಏಳನೇ ಕ್ಲಾಸ್ ಓದುವ ಹುಡುಗಿಯೊಬ್ಬಳು ಚೀಲದ ಬಾಯಿ ಹಿಡಿದು ನಿಂತಿದ್ದಳು. ಕೂದಲ ತುಂಬ ಒಣ ಎಲೆ. ಬೆರಳು ಹಣ್ಣಿನ ಅಂಟಿಗೆ ಕಪ್ಪಾಗಿತ್ತು. ಮೊಣಕೈವರೆಗೆ ಚಗಳಿ ಇರುವೆ ಕಚ್ಚಿದ ಗುಳ್ಳೆ. ಅಪ್ಪ ಅವಳ ಚೀಲ ತೂಗಿ, ಅವಳ ಅಮ್ಮನ ಹೆಸರಿನ ಮುಂದೆ ಕಿಲೋ ಬರೆದರು. ನಾನು ನೋಡುತ್ತಲೇ ಇದ್ದೆ.

“ಇವಳ ಹೆಸರು ಎಲ್ಲಪ್ಪ?”

“ಅವಳು ಕೆಲಸಕ್ಕೆ ಬಂದಿಲ್ಲಮ್ಮ. ಅವರಮ್ಮನ ಜೊತೆ ಸುಮ್ನೆ ಬಂದಿದ್ದಾಳೆ.”

14 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವ ಹಾಗಿಲ್ಲ ಅಂತ ಅಪ್ಪನಿಗೆ ಗೊತ್ತು. ಅದಕ್ಕೇ ಚೆಕ್‌ರೋಲಿನಲ್ಲಿ ಅವಳಿಲ್ಲ. ಶಾಲೆಯ ಹಾಜರಿಯಲ್ಲೂ ಅವಳಿಲ್ಲ. ಎರಡೂ ಪುಸ್ತಕದಲ್ಲಿ ಇಲ್ಲದವಳು ನನ್ನ ಮುಂದೆ ಚೀಲ ಹಿಡಿದು ನಿಂತಿದ್ದಳು. ಅಪ್ಪನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರಿಗೂ ಗೊತ್ತಾಯಿತು ಯಾಕೆ ಅಂತ.

ಆಮೇಲೆ ಮಲಾಲಾ ಬಗ್ಗೆ ಇನ್ನೊಂದು ಸಲ ಓದಿದೆ. ಈ ಸಲ ನೊಬೆಲ್ ಭಾಗ ಬಿಟ್ಟು ಅದಕ್ಕೂ ಮುಂಚಿನದ್ದು. 11 ವರ್ಷದವಳಿದ್ದಾಗ, 2009ರಲ್ಲಿ, ಬಿಬಿಸಿ ಉರ್ದುಗೆ ಬೇರೆ ಹೆಸರಿನಲ್ಲಿ ದಿನಚರಿ ಬರೆಯುತ್ತಿದ್ದಳು. ಜನವರಿ 3ರ ಪುಟದಲ್ಲಿ ಒಂದು ಲೆಕ್ಕ ಇದೆ: ಇವತ್ತು ಕ್ಲಾಸಿಗೆ ಬಂದವರು 27ರಲ್ಲಿ 11 ಜನ. ನನಗೆ ಭಾಷಣಕ್ಕಿಂತ ಆ ಲೆಕ್ಕ ಹಿಡಿಸಿತು. ರೈಟರ್ ಮಗಳಲ್ವಾ. (ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನವೂ ಹೌದು. ಅದನ್ನು ಇನ್ನೊಂದು ಭಾಷಣಕ್ಕೆ ಬಳಸಬಹುದಿತ್ತು, ಆದರೆ ಅಷ್ಟರಲ್ಲಿ ಭಾಷಣ ಸಾಕಾಗಿತ್ತು.)

ಅಪ್ಪನ ಹತ್ತಿರ ಒಂದು ಹಳೇ ಉದ್ದನೆ ಪುಸ್ತಕ ಇಸ್ಕೊಂಡೆ. ಮೂರು ಕಾಲಂ: ತಾರೀಖು, ಯಾರು ಬಂದಿಲ್ಲ, ಯಾಕೆ.

ಮೊದಲ ವಾರ ಎಲ್ಲರ ಮುಂದೆಯೂ “ಹುಷಾರಿರ್ಲಿಲ್ಲ” ಅಂತಲೇ ಬಿತ್ತು. ಕ್ಲಾಸಿನಲ್ಲಿ, ಹುಡುಗರ ಮುಂದೆ ಕೇಳಿದರೆ ಯಾರು ತಾನೇ ನಿಜ ಹೇಳ್ತಾರೆ? ಆಮೇಲೆ ಸಂಜೆ ಮನೆಗೆ ನಡೆಯುವಾಗ ಕೇಳಲು ಶುರು ಮಾಡಿದೆ. ನಮ್ಮ ಕಡೆ ಆನೆ ಕಾಟದಿಂದ ಮಕ್ಕಳು ಗುಂಪಾಗಿಯೇ ನಡೆಯುತ್ತೇವೆ. ದಾರಿ ನೋಡಿಕೊಂಡು ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡುವ ಹಾಗಿರುವುದಿಲ್ಲ. ಮಾತು ತಾನಾಗೇ ಬರುತ್ತದೆ. “ಯಾಕೆ ಬರಲಿಲ್ಲ” ಅಂತ ಕೇಳುವುದನ್ನೂ ಬಿಟ್ಟೆ. “ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದೆ” ಅಂತ ಕೇಳಿದೆ. ಅಲ್ಲಿಂದ ಪುಸ್ತಕ ತುಂಬತೊಡಗಿತು.

ನಾನು ಅಂದುಕೊಂಡಿದ್ದು ಹಣ್ಣು ಕುಯ್ಯಲು, ಉದುರು ಕಾಫಿ ಹೆಕ್ಕಲು ಹೋಗುತ್ತಾರೆ ಅಂತ. ಅದೂ ಇತ್ತು. ಆದರೆ ಮೂರು ವಾರದ ಪುಟ ತಿರುವಿದರೆ ಎಲ್ಲಕ್ಕಿಂತ ಜಾಸ್ತಿ ಸಲ ಬಂದ ಕಾರಣ “ಕೂಸು”. ಅಮ್ಮ ಎಂಟಕ್ಕೆ ಮೊದಲೇ ತೋಟಕ್ಕೆ ಹೋಗ್ತಾಳೆ. ಮನೆಯಲ್ಲಿ ಒಂದೂವರೆ ವರ್ಷದ ತಮ್ಮ. ಅಂಗನವಾಡಿ ಶಾಲೆ ನಡೆಸುವುದು ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಸಣ್ಣವರನ್ನು ಬಿಡುವುದು ಎಲ್ಲಿ? ಅಕ್ಕನ ಸೊಂಟದ ಮೇಲೆ. ಎರಡನೇ ಜಾಗದಲ್ಲಿ ಮುಟ್ಟಿನ ದಿನಗಳು, ಆಮೇಲೆ ಆನೆ. ಹುಡುಗರ ಲೆಕ್ಕವನ್ನೂ ಸುಮ್ನೆ ಬರೆದಿಟ್ಟಿದ್ದೆ. ಅವರದ್ದು ಮೀನು ಹಿಡಿಯಲು ಹೋಗಿದ್ದು, ಕ್ರಿಕೆಟ್, ಇನ್ನು ಕೆಲವರದ್ದು “ಸುಮ್ನೆ”. ಹುಡುಗಿಯರ ಕಾಲಂನಲ್ಲಿ ಒಂದೇ ಒಂದು “ಸುಮ್ನೆ” ಇರಲಿಲ್ಲ.

ಆ ವರ್ಷ ನನ್ನ ಕೈಯಿಂದ ಏನೂ ಆಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ ಒಂದು ಕೆಟ್ಟದ್ದೇ ಆಯಿತು. ಕುಯ್ಲು ಮುಗಿದು ಹೂಮಳೆ ಬೀಳುವ ಹೊತ್ತಿಗೆ ಲೈನಿನ, ಅಂದ್ರೆ ತೋಟದ ಕೂಲಿಯವರ ಸಾಲುಮನೆಗಳ, ಎಷ್ಟೋ ಮನೆಯವರು ಲೆಕ್ಕ ಚುಕ್ತಾ ಮಾಡಿಕೊಂಡು ಯುಗಾದಿಗೆ ಊರಿಗೆ ಹೋಗ್ತಾರೆ. ನನ್ನ ಪಕ್ಕದ ಬೆಂಚಿನವಳೂ ಹೋದಳು. ಜೂನ್‌ನಲ್ಲಿ ಬರಲಿಲ್ಲ. ಮದುವೆಯಾಯಿತಂತೆ. 15 ವರ್ಷ. ಹೋಗುವ ಹಿಂದಿನ ವಾರ ಅವಳು ಹೊಸ ಬಳೆ ತೋರಿಸಿದ್ದಳು. ಚೆನ್ನಾಗಿದೆ ಅಂದಿದ್ದೆ. ಮಕ್ಕಳ ಸಹಾಯವಾಣಿ 1098 ನಂಬರ್ ನನ್ನದೇ ಚಾರ್ಟಿನಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ಕಾನೂನಿಗೆ ತಿದ್ದುಪಡಿಯೇ ಆಗಿದೆ, ಅದೂ ಚಾರ್ಟಿನಲ್ಲಿತ್ತು. ಬಳೆ ನೋಡಿ ಕೇಳಬೇಕು ಅಂತ ಮಾತ್ರ ಹೊಳೆಯಲಿಲ್ಲ.

ಹತ್ತನೇ ಕ್ಲಾಸಿನಲ್ಲಿ ಮಕ್ಕಳ ಗ್ರಾಮಸಭೆ ಇತ್ತು. ನಮ್ಮಲ್ಲಿ ಪಂಚಾಯಿತಿಗಳು ಇದನ್ನು ನಡೆಸಬೇಕು, ಮಕ್ಕಳು ಕೇಳಿದ್ದನ್ನು ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಆಟದ ಮೈದಾನ, ಬಸ್ಸು, ಟಾಯ್ಲೆಟ್ ಅಂತ ಕೇಳಿ ಬಿಸ್ಕತ್ ತಿಂದು ಬರುತ್ತೇವೆ. ನಾನು ಪುಸ್ತಕ ತೆಗೆದುಕೊಂಡು ಹೋದೆ. ಮೂರು ವಾರದ ಲೆಕ್ಕ ಓದಿದೆ. ಹೆಸರು ಹೇಳಲಿಲ್ಲ, ಕಾರಣ ಮಾತ್ರ. “ಕೂಸು, ಕೂಸು, ಆನೆ, ಕೂಸು” ಅಂತ ಓದುವಾಗ ಹಿಂದೆ ಕೂತ ಹುಡುಗರು ನಕ್ಕರು. ಪಂಚಾಯಿತಿ ಅಧಿಕಾರಿ ಪಿಡಿಓ ನಗಲಿಲ್ಲ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಅಂತ ಬಂದಿದೆ, ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ, ಅಂತ ಅವರೇ ಹೇಳಿದರು. ಒಳ್ಳೆಯದೇ. ಆದರೆ ಅದು ಪಂಚಾಯಿತಿ ಹತ್ತಿರ ಆಗುವಂಥದ್ದು. ನಮ್ಮ ಲೈನಿನಿಂದ ಕೂಸನ್ನು ಎತ್ತಿಕೊಂಡು ಅಲ್ಲಿಗೆ ಹೋಗಿ, ವಾಪಸ್ ಬಂದು, ಎಂಟಕ್ಕೆ ತೋಟಕ್ಕೆ ಇಳಿಯುವುದು ಹೇಗೆ? ಅದೇ ವರ್ಷ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಫ್ರೀ ಆಗಿತ್ತು. ನಮ್ಮ ದಾರಿಯಲ್ಲಿ ಓಡುವುದು ಪ್ರೈವೇಟ್ ಬಸ್. ಅದರಲ್ಲಿ ಫ್ರೀ ಇಲ್ಲ. ಯೋಜನೆ ಬೆಂಗಳೂರಿನಿಂದ ಹೊರಟು ಮೇನ್ ರೋಡಿನವರೆಗೆ ಬರುತ್ತದೆ, ಅಲ್ಲಿಂದ ಲೈನಿಗೆ ನಾವೇ ನಡೆಯಬೇಕು.

ಲೈನಿನಲ್ಲಿ ಒಬ್ಬರು ಅಜ್ಜಿ ಇದ್ದರು. ಮಂಡಿನೋವು, ಇಳಿಜಾರಿನಲ್ಲಿ ಕುಯ್ಯಲು ಆಗುವುದಿಲ್ಲ. ಮನೆಯಲ್ಲೇ ಕೂತಿರುತ್ತಿದ್ದರು. ಲೈನಿನ ಕೊನೆಯ ರೂಮ್ ಖಾಲಿ ಇತ್ತು, ಗೊಬ್ಬರದ ಚೀಲ ಇಡುತ್ತಿದ್ದರು. ಅಜ್ಜಿಗೆ ಸಂಬಳ, ಕೂಸುಗಳಿಗೆ ಆ ರೂಮ್, ಇಷ್ಟೇ ನನ್ನ ಯೋಚನೆ. ಅಪ್ಪನಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಸಾವ್ಕಾರ್ರನ್ನ ನಾನು ಏನಂತ ಕೇಳ್ಲಿ? ನಾವಿರೋ ಮನೆಯೂ ಅವರದ್ದೇ.”

ನಿಜ. ಅಪ್ಪನ ಮೇಲೆ ಸಿಟ್ಟು ಬಂದಿದ್ದರೂ ಅವತ್ತು ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದಾರಿ ತೆಗೆದಿದ್ದು ಅಮ್ಮ. ಹುತ್ತರಿ ಹಬ್ಬಕ್ಕೆ ಸಾವ್ಕಾರ್ರ ಮನೆಯಲ್ಲಿ ಕೆಲಸಕ್ಕೆ ಸಹಾಯ ಮಾಡಲು ಹೋದಾಗ, ಅಮ್ಮಾವ್ರ ಹತ್ತಿರ ಮಾತಿಗೆ ಮಾತು ಸೇರಿಸಿ ಹೇಳಿದರಂತೆ: ಕೂಸು ಗಿಡದ ಬುಡದಲ್ಲಿ ಮಲಗಿಸಿದವಳು ಗಳಿಗೆಗೊಂದು ಸಲ ಹಿಂದೆ ತಿರುಗಿ ನೋಡ್ತಾಳೆ, ಚೀಲ ಎಲ್ಲಿಂದ ತುಂಬುತ್ತೆ ಅಮ್ಮಾ? ಹಕ್ಕು, ಕಾನೂನು ಒಂದು ಮಾತೂ ಇಲ್ಲ. ನನಗೆ ಆಗ ಸ್ವಲ್ಪ ಬೇಜಾರಾಗಿತ್ತು, ಹೀಗೆ ಲಾಭದ ಲೆಕ್ಕ ಹೇಳಿ ಕೇಳಬೇಕಾ ಅಂತ. ಈಗ ಇಲ್ಲ. ಹಣ್ಣು ಮರದಿಂದ ಬೀಳುವ ಮೊದಲು ಕೈಗೆ ಬರಬೇಕು ಅನ್ನುವುದು ಕುಯ್ಲಿನಲ್ಲಿ ಎಲ್ಲರಿಗೂ ಇರುವ ಆತುರ. ಅದನ್ನು ಅಮ್ಮ ಬಳಸಿಕೊಂಡರು. ರೋಬಸ್ಟಾ ಶುರುವಾಗುವ ಹೊತ್ತಿಗೆ ಅಜ್ಜಿಯ ಹೆಸರು ಚೆಕ್‌ರೋಲಿಗೆ ಬಂತು. ಅಪ್ಪ ಬರೆದಿದ್ದನ್ನು ನಾನೇ ನೋಡಿದೆ. ಕೆಲಸದ ಕಾಲಂನಲ್ಲಿ “ಮಕ್ಕಳು”.

ಏಳನೇ ಕ್ಲಾಸಿನ ಆ ಹುಡುಗಿ ಅಷ್ಟರಲ್ಲಿ ಎಂಟಕ್ಕೆ ಬಂದಿದ್ದಳು. ಆ ಕುಯ್ಲಿನಲ್ಲಿ ಶಾಲೆ ತಪ್ಪಿಸಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ವಾರಕ್ಕೆ ಒಂದೆರಡು ದಿನ ತಪ್ಪಿಸಿದಳು. ಕಿಲೋ ಲೆಕ್ಕದ ಕೂಲಿ ಇರುವವರೆಗೆ ಇನ್ನೆರಡು ಕೈ ಬೇಕು ಅಂತ ಯಾವ ಅಮ್ಮನಿಗೂ ಅನ್ನಿಸುತ್ತದೆ. ಕೂಸಿನ ಕಾರಣಕ್ಕೆ ತಪ್ಪಿಸುವುದು ಮಾತ್ರ ಪುಸ್ತಕದಲ್ಲಿ ಹೆಚ್ಚುಕಮ್ಮಿ ನಿಂತಿತು.

ಇದರ ನಡುವೆ ಅಸ್ಸಾಮಿನಿಂದ ಬಂದ ಒಂದು ಕುಟುಂಬ ಲೈನಿಗೆ ಸೇರಿತ್ತು. ಅವರ ಮಗಳಿಗೆ ಹನ್ನೊಂದು ವರ್ಷ, ಎರಡು ವರ್ಷದಿಂದ ಶಾಲೆಯಿಲ್ಲ. ಸೇರಿಸಲು ಹೋದರೆ ಟಿಸಿ ಇಲ್ಲ, ಜನನ ಪತ್ರ ಇಲ್ಲ, ಜೂನ್‌ನಲ್ಲಿ ಬನ್ನಿ ಅಂದರು ಶಾಲೆಯವರು. ನಾನು ರಾತ್ರಿ ಕೂತು ಶಿಕ್ಷಣ ಹಕ್ಕು ಕಾಯ್ದೆ ಓದಿದೆ. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ 4ರಲ್ಲಿ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಬೇಕು ಅಂತಿದೆ. 5ರಲ್ಲಿ ಟಿಸಿ ತಡವಾಯಿತು ಅಂತ ಬೇಡ ಅನ್ನುವ ಹಾಗಿಲ್ಲ, 14ರಲ್ಲಿ ವಯಸ್ಸಿನ ದಾಖಲೆ ಇಲ್ಲ ಅಂತಲೂ ಬೇಡ ಅನ್ನುವ ಹಾಗಿಲ್ಲ. 15ರ ಪ್ರಕಾರ ವರ್ಷದ ನಡುವೆ ಬಂದರೂ ಸೇರಿಸಬೇಕು. ಮಾರನೇ ದಿನ ಹೋಗಿ ನಾಲ್ಕೂ ಸೆಕ್ಷನ್ ಪಟಪಟ ಹೇಳಿದೆ.

“ನನಗೇ ಕಾನೂನು ಹೇಳ್ಕೊಡ್ತೀಯಾ?” ಅಂತ ಬೈಸಿಕೊಂಡು ಬಂದೆ.

ತಪ್ಪು ನನ್ನದೂ ಇತ್ತು. ಹೇಳಿದ್ದು ಸರಿ, ಹೇಳಿದ ರೀತಿ ಮಾತ್ರ ಗೆಲ್ಲಬೇಕು ಅನ್ನುವ ಹಾಗಿತ್ತು. ಕನ್ನಡ ಮಿಸ್ ಹೇಳಿಕೊಟ್ಟರು: ಎಸ್‌ಡಿಎಂಸಿ (ಶಾಲಾ ಉಸ್ತುವಾರಿ ಸಮಿತಿ) ಸದಸ್ಯೆಯೊಬ್ಬರನ್ನೂ ಹುಡುಗಿಯ ಅಮ್ಮನನ್ನೂ ಕರೆದುಕೊಂಡು ಹೋಗು, ಅರ್ಜಿ ಬರೆದು ಕೊಡು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಒಂದು ಕಾಪಿ ಕೊಡು, ನೀನು ಬಾಯಿ ಮುಚ್ಚಿಕೊಂಡಿರು. ಹಾಗೇ ಮಾಡಿದೆ. ಎಂಟು ದಿನದೊಳಗೆ ಅವಳ ಹೆಸರು ಹಾಜರಿಗೆ ಬಂತು. ಯಾರಾದರೂ ಇಂಥ ಕೆಲಸಕ್ಕೆ ಹೊರಟರೆ ನಾನು ಹೇಳುವುದು ಇದನ್ನೇ. ಸೆಕ್ಷನ್ ನಂಬರ್ ಅರ್ಜಿಯಲ್ಲಿರಲಿ, ಬಾಯಲ್ಲಿ ಬೇಡ. ಇನ್ನೊಂದು ವಿಷಯ, ಈ ಕಾಯ್ದೆ ಹಿಡಿಯುವುದು 14 ವರ್ಷದವರೆಗೆ, ಎಂಟನೇ ಕ್ಲಾಸಿನವರೆಗೆ. ಒಂಬತ್ತಕ್ಕೆ ಬಂದ ಹುಡುಗಿಯ ಕೈಯನ್ನು ಅದು ಬಿಟ್ಟುಬಿಡುತ್ತದೆ. ನಮ್ಮ ಲೈನಿನ ಹುಡುಗಿಯರು ಶಾಲೆ ಬಿಡುವುದೂ ಸರಿಯಾಗಿ ಅಲ್ಲೇ.

ನಮ್ಮ ಮನೆಯ ಕತೆಯನ್ನೂ ಹೇಳಬೇಕು. ಅಣ್ಣ ಮೈಸೂರಿನಲ್ಲಿ ಇಂಜಿನಿಯರಿಂಗ್, ಹಾಸ್ಟೆಲ್. ಎಸ್‌ಎಸ್‌ಎಲ್‌ಸಿ ಆದಮೇಲೆ ನಾನು ಮಡಿಕೇರಿಯಲ್ಲಿ ಸೈನ್ಸ್ ಓದ್ತೀನಿ ಅಂದರೆ, “ಇಲ್ಲೇ ಹತ್ತಿರ ಕಾಲೇಜಿದೆಯಲ್ಲ, ಕಾಮರ್ಸ್ ತಗೋ” ಅಂದರು ಅಪ್ಪ. ಲೈನಿನ ಹುಡುಗಿಯರಿಗೆ ನ್ಯಾಯ ಕೇಳುತ್ತಿದ್ದವಳು ನಾನು. ಒಂದು ಹಾಳೆ ತೆಗೆದು ನಮ್ಮ ಮನೆಯ ಚೆಕ್‌ರೋಲ್ ಬರೆದೆ. ಅಣ್ಣ ರಜೆಗೆ ಬಂದಿದ್ದ ವಾರ ಯಾರು ಎಷ್ಟು ಗಂಟೆ ಮನೆಗೆಲಸ ಮಾಡಿದರು ಅಂತ. ಅಣ್ಣನ ಮುಂದೆ ದಿನಾ ಸೊನ್ನೆ. ಅಮ್ಮನ ಮುಂದೆ ಹನ್ನೆರಡು, ಹದಿಮೂರು. ಊಟಕ್ಕೆ ಕೂತಾಗ ಅಪ್ಪನ ತಟ್ಟೆಯ ಪಕ್ಕ ಇಟ್ಟೆ. ಅಪ್ಪ ಓದುವ ಮೊದಲು ಅಮ್ಮ ಇಸ್ಕೊಂಡು ನೋಡಿದರು.

“ನಿನ್ನ ಹೆಸರಿನ ಮುಂದೆ ಒಂದೂವರೆ ಬರೆದಿದ್ದೀಯಲ್ಲ. ನಿನ್ನ ಬಟ್ಟೆ ಯಾರು ಒಗೆದಿದ್ದು?”

ಅಣ್ಣ ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ನನ್ನ ಬಟ್ಟೆ ನಾನೇ ಒಗೆಯುತ್ತೇನೆ. ಅಣ್ಣನೂ ಬಂದಾಗ ಅವನದ್ದು ಅವನೇ ಒಗೆಯಬೇಕು ಅಂತ ಅಮ್ಮ ಒಂದೇ ಮಾತಲ್ಲಿ ಹೇಳಿದರು. ಮಡಿಕೇರಿ ವಿಷಯಕ್ಕೆ ಇನ್ನೂ ಹದಿನೈದು ದಿನ ಬೇಕಾಯಿತು. ಅಪ್ಪ ಹೂಂ ಅನ್ನಲೇ ಇಲ್ಲ. ಒಂದು ಬೆಳಿಗ್ಗೆ ಬಸ್ ಪಾಸಿಗೆ ಫೋಟೋ ಇದೆಯಾ ಅಂತ ಕೇಳಿದರು, ಅಷ್ಟೇ.

ನಾನು ಕಾಲೇಜಿಗೆ ಹೋದಮೇಲೆ ಸಂಜೆ ಹೊತ್ತು ಮಕ್ಕಳ ಜೊತೆ ನಡೆಯಲು ಆಗುತ್ತಿರಲಿಲ್ಲ. ಪುಸ್ತಕವನ್ನು ಅಸ್ಸಾಮಿನ ಹುಡುಗಿಗೆ ಕೊಟ್ಟೆ. ಅವಳ ಕನ್ನಡ ಈಗ ನಮ್ಮೆಲ್ಲರಿಗಿಂತ ಜೋರು, ಬರೆಯುವಾಗ ಮಾತ್ರ ಒತ್ತಕ್ಷರ ತಪ್ಪುತ್ತಾಳೆ. ಈ ಜನವರಿಯಲ್ಲಿ ಒಂದು ಭಾನುವಾರ ಪುಸ್ತಕ ತಂದು ತೋರಿಸಿದಳು. ಸೋಮವಾರದ ಸಾಲಿನಲ್ಲಿ ನಾಲ್ಕು ಜನ. ಒಬ್ಬಳಿಗೆ ಜ್ವರ. ಇಬ್ಬರು ಆನೆ. ನಾಲ್ಕನೆಯವಳ ಮುಂದೆ “ಸುಮ್ನೆ” ಅಂತ ಬರೆದಿತ್ತು.

“ಇದೇನು ಸುಮ್ನೆ ಅಂದ್ರೆ? ಸರಿಯಾಗಿ ಕೇಳಿದ್ಯಾ?”

“ಕೇಳ್ದೆ ಅಕ್ಕಾ. ಕೂಸು ಅಜ್ಜಿ ಹತ್ರ ಇತ್ತಂತೆ. ತೋಟಕ್ಕೂ ಹೋಗಿಲ್ವಂತೆ. ಬರೋಕೆ ಮನಸ್ಸಾಗ್ಲಿಲ್ಲ, ಮನೇಲಿ ಮಲ್ಕೊಂಡಿದ್ಲಂತೆ. ಹೊಡೆದು ಹಾಕ್ಲಾ?”

ಬೇಡ, ಹಾಗೇ ಇರಲಿ ಅಂದೆ.