ಜಿಬಿಎಸ್ ಬಂದ ಮಗುವಿಗೆ ಮನೆಯಲ್ಲಿ ವ್ಯಾಯಾಮ: ನಡಿಗೆ ಆಮೇಲೆ, ಹಿಮ್ಮಡಿ ಮೊದಲು

ನವನಗರದ ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗನ ಎರಡೂ ರಟ್ಟೆ ಹಿಡಿದು ನಿಲ್ಲಿಸಿದ್ದರು. 'ನಡೀಪಾ ತಮ್ಮಾ, ನಡೀ.' ಹುಡುಗನ ಮೊಣಕಾಲು ಗಡಗಡ ನಡುಗುತ್ತಿತ್ತು. ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಆಸ್ಪತ್ರೆಯಿಂದ ಬಂದು ಹತ್ತು ದಿನವೂ ಆಗಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಈ ಅವಸರ ನೋಡಿದ್ದೇನೆ.

ಜಿಬಿಎಸ್ ಅಂದರೆ ಗಿಲಿಯನ್-ಬಾರೆ ಸಿಂಡ್ರೋಮ್. ಇದರಲ್ಲಿ ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಬೀಳುತ್ತದೆ. ಭೇದಿಯೋ ನೆಗಡಿ-ಜ್ವರವೋ ಬಂದುಹೋದ ಮೇಲೆ ನಿಶ್ಶಕ್ತಿ ಕಾಲಿನಿಂದ ಶುರುವಾಗಿ ಮೇಲೇರುವುದೇ ಜಾಸ್ತಿ. ಐವಿಐಜಿ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳ ಔಷಧ) ಕೊಟ್ಟು ರೋಗ ತಹಬಂದಿಗೆ ಬಂದರೂ ನರ ರಿಪೇರಿಯಾಗಲು ವಾರ, ತಿಂಗಳುಗಳೇ ಬೇಕು. ಒಳಗಿನ ಎಳೆ ಕಡಿದಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಅಷ್ಟೇ. ಹೆಚ್ಚಿನ ಮಕ್ಕಳು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಮೊದಲು ಮಲಗಿಸುವ ರೀತಿ. ತಾನೇ ಹೊರಳಲಾಗದ ಮಗುವನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಅಂಗಾತ ಮಲಗಿದಾಗ ಪಾದ ಮುಂದಕ್ಕೆ ಬೀಳದಂತೆ ಕೌದಿ ಸುತ್ತಿ ಅಂಗಾಲಿಗೆ ಆನಿಸಿ.

ಇನ್ನು ಎಲ್ಲರೂ ಎಡವುವ ಹಂತ, ಹಿಮ್ಮಡಿ ಎಳೆತ. ಸೋತ ಪಾದ ಜೋತುಬಿದ್ದೇ ಇದ್ದರೆ ಮೀನಖಂಡ ಗಿಡ್ಡವಾಗುತ್ತದೆ. ಆಮೇಲೆ ಶಕ್ತಿ ಬಂದರೂ ಮಗು ತುದಿಗಾಲಲ್ಲೇ ನಡೆಯುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ನೆಟ್ಟಗಿರಲಿ. ಹಿಮ್ಮಡಿಯನ್ನು ಅಂಗೈಯಲ್ಲಿ ಬಟ್ಟಲಿನಂತೆ ಹಿಡಿಯಿರಿ. ಅಂಗಾಲು ನಿಮ್ಮ ಮುಂಗೈಗೆ ಒರಗಿರಲಿ. ಮೊದಲು ಹಿಮ್ಮಡಿಯನ್ನು ನಿಮ್ಮತ್ತ ಎಳೆಯಿರಿ, ಆಮೇಲೆ ನಿಧಾನವಾಗಿ ಮುಂದಕ್ಕೆ ಬಾಗಿ. ನಿಮ್ಮ ಭಾರಕ್ಕೇ ಪಾದ ಮೇಲಕ್ಕೆ ಮಡಚುತ್ತದೆ. ಬರೀ ಬೆರಳು ಒತ್ತಬೇಡಿ. ಹಾಗೆ ಮಾಡಿದರೆ ಪಾದದ ನಡು ಬಾಗುತ್ತದೆ, ಮೀನಖಂಡ ಎಳೆಯುವುದೇ ಇಲ್ಲ. 30 ಸೆಕೆಂಡು ಹಿಡಿದು ಬಿಡಿ. ಹೀಗೆ ನಾಲ್ಕು ಸಲ, ದಿನಕ್ಕೆರಡು ಹೊತ್ತು. ಜಗ್ಗಿ ಬಿಟ್ಟು, ಜಗ್ಗಿ ಬಿಟ್ಟು ಮಾಡಬೇಡಿ. ಕಣ್ಣು ಮಗುವಿನ ಮುಖದ ಮೇಲಿರಲಿ. ಹುಬ್ಬು ಗಂಟಾದರೆ ಅಲ್ಲೇ ಸಡಿಲಿಸಿ. ಈ ಕಾಯಿಲೆಯಲ್ಲಿ ನೋವು ನಿಜವಾದದ್ದು, ಹಟ ಅಲ್ಲ.

ನಡುಗುವ ಮಸಾಜ್ ಯಂತ್ರ ಕೊಳ್ಳಬೇಡಿ, ಆ ದುಡ್ಡು ಅಳತೆ ಕೊಟ್ಟು ಮಾಡಿಸುವ, ಪಾದ ಜೋತುಬೀಳದಂತೆ ಹಿಡಿಯುವ ಎಎಫ್‌ಒ ಪಟ್ಟಿಗೆ ಇಡಿ. ಬಿಸಿನೀರಿನ ಚೀಲವೂ ಬೇಡ. ಸ್ಪರ್ಶ ಮಂದವಾದ ಕಾಲಿಗೆ ಸುಟ್ಟಿದ್ದೇ ಗೊತ್ತಾಗುವುದಿಲ್ಲ.

ಆಮೇಲೆ ಕೂರುವುದು, ನಿಲ್ಲುವುದು. ಎಬ್ಬಿಸಿದ ಕೂಡಲೇ ಬಿಪಿ ಇಳಿದು ತಲೆ ಸುತ್ತಬಹುದು, ಅದಕ್ಕೇ ಮಂಚದ ಅಂಚಿಗೆ ಎರಡು ನಿಮಿಷ ಕೂರಿಸಿ. ನಿಲ್ಲಿಸುವಾಗ ಸೊಂಟ ಹಿಡಿಯಿರಿ, ಕೈ ಹಿಡಿದು ಜಗ್ಗಿದರೆ ಸೋತ ಭುಜದ ಕೀಲು ಜಾರಬಹುದು. ಐದು ನಿಮಿಷ ಕೆಲಸ, ಐದು ನಿಮಿಷ ವಿಶ್ರಾಂತಿ. ಸುಸ್ತಾಗುವ ಮೊದಲೇ ನಿಲ್ಲಿಸಿ. ನಿನ್ನೆ ನಾಲ್ಕು ಸಲ ಎದ್ದ ಮಗು ಇವತ್ತು ಎರಡಕ್ಕೇ ಸೋತಿತಾ? ಹಾಗಾದರೆ ನಿನ್ನೆ ಜಾಸ್ತಿಯಾಗಿದೆ. ಅರ್ಧಕ್ಕೆ ಇಳಿಸಿ. ದಣಿದ ಸ್ನಾಯುವನ್ನು ದುಡಿಸಿದರೆ ಬಲ ಇನ್ನೂ ಕುಗ್ಗುತ್ತದೆ.

ಕೈಗೆ ನಾನು ಸ್ಪಂಜಿನ ಚೆಂಡು ಕೊಡುವುದಿಲ್ಲ. ರೊಟ್ಟಿಗೆ ನಾದಿದ ಜೋಳದ ಹಿಟ್ಟಿನಲ್ಲಿ ಒಂದು ಉಂಡೆ ಕೊಡಿ. ಹಿಚುಕಲಿ, ಚಿವುಟಲಿ, ಪುಟ್ಟ ರೊಟ್ಟಿ ತಟ್ಟಲಿ. ಅದನ್ನು ಬೇಯಿಸಿ ತಟ್ಟೆಗೆ ಹಾಕಿದರೆ ಮರುದಿನ ತಾನೇ ಕೇಳುತ್ತದೆ.

ಕಾಲು ಮತ್ತೆ ಸೋಲತೊಡಗಿದರೆ, ನುಂಗುವಾಗ ಕೆಮ್ಮು ಬಂದರೆ, ದನಿ ಕುಗ್ಗಿದರೆ, ಉಸಿರಿಗೆ ತ್ರಾಸಾದರೆ ವ್ಯಾಯಾಮ ಅಲ್ಲಿಗೇ ಬಿಡಿ. ಬೆಳಗಾಗಲಿ ಅಂತ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.