ಎಣ್ಣೆ ಹೊಡೆಯುವ ಪಂಪಿನ ಲಿಂಕಿನಿಂದ ಬಂದ ದುಡ್ಡು

ಆನ್‌ಲೈನಿನಲ್ಲಿ ನನಗೆ ಮೊದಲು ಕಮಿಷನ್ ತಂದುಕೊಟ್ಟದ್ದು ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ 16 ಲೀಟರಿನ ಬ್ಯಾಟರಿ ಪಂಪು. ಇವತ್ತಿಗೂ ಹೆಚ್ಚಿನ ದುಡ್ಡು ಅದರಿಂದಲೇ ಬರುತ್ತದೆ. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಸುತ್ತ ಲಿಂಬೆ ಮತ್ತು ತೊಗರಿ, ತಿಕೋಟಾ ಕಡೆ ಹೋದರೆ ದ್ರಾಕ್ಷಿ. ಪಂಪಿಲ್ಲದ ರೈತರ ಮನೆ ನಮ್ಮ ಕಡೆ ಕಡಿಮೆ. ಪಂಪು ಕೊಳ್ಳುವ ಮುಂಚೆ ನಾಲ್ಕು ಜನರನ್ನು ಕೇಳದವರೂ ಕಡಿಮೆ. ಆ ನಾಲ್ಕು ಜನರಲ್ಲಿ ಒಬ್ಬನಾಗಿ ಉತ್ತರ ಹೇಳುವುದೇ ನನ್ನ ಕೆಲಸ. ಬರೆದೂ ಹೇಳುತ್ತೇನೆ, ವಿಡಿಯೊ ಮಾಡಿಯೂ ಹೇಳುತ್ತೇನೆ.

ಇದು ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆಜಾನ್ ಅಸೋಸಿಯೇಟ್ಸ್ ಎಂಬ ಯೋಜನೆ ಅಮೆರಿಕದಲ್ಲಿ ಶುರುವಾದದ್ದು 1996ರಲ್ಲಿ. ಸೇರಲು ಒಂದು ಪೈಸೆಯೂ ಕೊಡಬೇಕಿಲ್ಲ. ಸೇರಿದ ಮೇಲೆ ಯಾವ ವಸ್ತುವಿನ ಪುಟಕ್ಕಾದರೂ ನಿಮ್ಮ ಗುರುತಿರುವ ಲಿಂಕ್ ಮಾಡಿಕೊಳ್ಳಬಹುದು. ಭಾರತದ ಖಾತೆಯಾದರೆ ಆ ಗುರುತಿನ ಕೊನೆಗೆ 21 ಇರುತ್ತದೆ. ಓದುಗ ಅದನ್ನು ಒತ್ತಿ ಒಳಗೆ ಹೋಗಿ 24 ಗಂಟೆಯೊಳಗೆ ಕೊಂಡರೆ ನಿಮಗೆ ಕಮಿಷನ್. ಅಷ್ಟರೊಳಗೆ ಕಾರ್ಟಿಗೆ ಹಾಕಿಟ್ಟಿದ್ದರೆ 90 ದಿನದವರೆಗೆ ಲೆಕ್ಕಕ್ಕೆ ಬರುತ್ತದೆ. ನಡುವೆ ಇನ್ನೊಬ್ಬರ ಲಿಂಕ್ ಒತ್ತಿದರೆ ಅದು ಅವರ ಪಾಲು. ವಸ್ತು ವಾಪಸ್ ಹೋದರೆ ಕಮಿಷನ್ನೂ ಹೋಗುತ್ತದೆ. ಹೊಸದಾಗಿ ಸೇರಿದವರಿಗೆ 180 ದಿನದೊಳಗೆ ಮೂರು ಮಾರಾಟ ಆಗಲೇಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ತಾವೇ ತಮ್ಮ ಲಿಂಕಿನಿಂದ ಕೊಂಡರೆ ಅದು ಲೆಕ್ಕಕ್ಕಿಲ್ಲ.

ಈ 24 ಗಂಟೆಯ ನಿಯಮ ನಮ್ಮ ಕಡೆಯವರಿಗೆ ಬಹಳ ಮುಖ್ಯ. ನಮ್ಮ ರೈತ ಪಂಪು ನೋಡಿದ ದಿನವೇ ಕೊಳ್ಳುವುದಿಲ್ಲ. ಅಣ್ಣನನ್ನು ಕೇಳುತ್ತಾನೆ, ಲಿಂಬೆ ಮಾರಿದ ದುಡ್ಡು ಕೈಗೆ ಬರಲಿ ಎನ್ನುತ್ತಾನೆ, ಸಂತೆಗೆ ಹೋದಾಗ ಅಂಗಡಿಯಲ್ಲೂ ಒಂದು ಮಾತು ವಿಚಾರಿಸುತ್ತಾನೆ. ಹಾಗಾಗಿ ಸುಮ್ಮನೆ ಓದಿ ಹೋಗುವವರಿಗೆ ಬರೆದರೆ ಲಿಂಕಿಗೆ ಏನೂ ಹುಟ್ಟುವುದಿಲ್ಲ. ಕೊಳ್ಳುವುದು ಎಂದು ಆಗಲೇ ಮನಸ್ಸು ಮಾಡಿ, ಇದೋ ಅದೋ ಎಂಬಲ್ಲಿ ನಿಂತವನಿಗೆ ಬರೆಯಬೇಕು. ‘ಕೃಷಿಯಲ್ಲಿ ಆಧುನಿಕ ಉಪಕರಣಗಳು’ ಎಂಬಂಥ ತಲೆಬರಹದ ಲೇಖನವನ್ನು ಎಷ್ಟು ಜನ ಓದಿದರೂ ಪಂಪು ಮಾರಾಟವಾಗುವುದಿಲ್ಲ. ‘8 ಆಂಪಿಯರ್-ಅವರ್ ಬ್ಯಾಟರಿ ಸಾಕೋ, 12 ಬೇಕೋ’ ಎಂದು ಬರೆದರೆ ಓದುವವರು ಕಡಿಮೆ, ಆದರೆ ಓದಿದವರಲ್ಲಿ ಕೊಳ್ಳುವವರು ಹೆಚ್ಚು. ಕನ್ನಡದಲ್ಲಿ ಬರೆದು ದುಡಿಯಬೇಕೆನ್ನುವವರು ಈ ಒಂದು ವ್ಯತ್ಯಾಸವನ್ನು ಹಿಡಿದುಕೊಳ್ಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಲೆಕ್ಕವನ್ನೇ ನೋಡಿ. ಮೂರು ಸಾವಿರ ರೂಪಾಯಿಯ ವಸ್ತುವಿಗೆ ಶೇ 5 ಕಮಿಷನ್ ಸಿಕ್ಕಿತು ಎಂದುಕೊಂಡರೆ 150 ರೂಪಾಯಿ. ದರ ವಸ್ತುವಿನ ವರ್ಗಕ್ಕೆ ತಕ್ಕಂತೆ ಬೇರೆ, ಆಗಾಗ ಬದಲಾಗುತ್ತದೆ, ಮೊಬೈಲ್ ಫೋನಿನಂಥವಕ್ಕೆ ತೀರಾ ಕಡಿಮೆ. ಅದೇ 150 ರೂಪಾಯಿ ಜಾಹೀರಾತಿನಿಂದ ಬರಬೇಕಾದರೆ ನನ್ನ ಕನ್ನಡ ವಿಡಿಯೊವನ್ನು ಸಾವಿರಾರು ಜನ ನೋಡಬೇಕು. ಸಣ್ಣ ಊರಿನಲ್ಲಿ ಕೂತು, ಸಣ್ಣ ವಿಷಯ ಹಿಡಿದವನಿಗೆ ಲಿಂಕೇ ಮೇಲು.

ಇನ್ನು ನನ್ನ ಕೆಲಸದ ತಿರುಳು, ಅಳತೆ. ಪಂಪಿನ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಪಂಪನ್ನು ತರಿಸಿಕೊಂಡೋ, ಊರಲ್ಲಿ ಇದ್ದವರಿಂದ ಇಸಿದುಕೊಂಡೋ ಅಂಗಳದಲ್ಲಿ ಇಟ್ಟುಕೊಳ್ಳುತ್ತೇನೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಟ್ಯಾಂಕಿಗೆ ಬರೀ ನೀರು ತುಂಬಿ, ನೋಜಲ್ಲಿನ ತುದಿಯನ್ನು ಅಳತೆಯ ಜಗ್ಗಿನೊಳಗೆ ಹಿಡಿಯುತ್ತೇನೆ. ಮೊಬೈಲಿನಲ್ಲಿ ಸರಿಯಾಗಿ ಒಂದು ನಿಮಿಷ. ಎಷ್ಟು ಮಿಲಿಲೀಟರ್ ಬಿತ್ತು ಎಂದು ಬರೆದುಕೊಂಡು, ಉಳಿದ ನೀರನ್ನು ಗಿಡಕ್ಕೆ ಹೊಡೆದು, ಮತ್ತೆ ತುಂಬಿ ಮತ್ತೆ ಅಳತೆ. ಮೊದಲ ಟ್ಯಾಂಕಿನಲ್ಲಿ ಎಲ್ಲ ಪಂಪುಗಳೂ ಜೋರಾಗಿಯೇ ಹೊಡೆಯುತ್ತವೆ. ವ್ಯತ್ಯಾಸ ಗೊತ್ತಾಗುವುದು ಮುಂದೆ ಹೋದಂತೆ. ಒಂದರಲ್ಲಿ ಹನಿ ಮಂಜಿನ ಹಾಗೆ ಹರಡುತ್ತಲೇ ಇರುತ್ತದೆ, ಇನ್ನೊಂದರಲ್ಲಿ ಬ್ಯಾಟರಿ ಇಳಿಯುತ್ತ ಹೋಗಿ ಹನಿ ದಪ್ಪಗಾಗಿ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಹಾಗೆ ಬಿದ್ದ ಎಣ್ಣೆ ರೈತನ ದುಡ್ಡು. ಜಗ್ಗಿನಲ್ಲಿ ನೀರು ನಿಂತ ಗೆರೆಯನ್ನು ಹತ್ತಿರದಿಂದ ತೋರಿಸುತ್ತೇನೆ. ವಿಡಿಯೊದಲ್ಲಿ ಜನ ಹಿಂದಕ್ಕೆ ಎಳೆದು ಮತ್ತೆ ನೋಡುವ ಜಾಗ ಅದೇ ಎಂದು ಯೂಟ್ಯೂಬಿನ ಅಂಕಿ ಅಂಶವೇ ಹೇಳುತ್ತದೆ.

ಭಾರದ ಮಾತನ್ನೂ ಬಿಡುವುದಿಲ್ಲ. 16 ಲೀಟರ್ ನೀರೆಂದರೆ 16 ಕೆಜಿ. ಅದರ ಮೇಲೆ 12 ವೋಲ್ಟಿನ ಸೀಸದ ಬ್ಯಾಟರಿ, ಪಂಪಿನ ಮೈ. ಕಪ್ಪು ಮಣ್ಣಿನ ಹೊಲದಲ್ಲಿ ಮಳೆ ಬಿದ್ದ ಮರುದಿನ ಇಷ್ಟು ಹೊತ್ತು ನಡೆಯುವವನಿಗೆ ಪಟ್ಟಿಯ ಅಗಲ ಎಷ್ಟಿದೆ, ಹೆಗಲಿಗೆ ಸ್ಪಂಜಿದೆಯೇ ಎನ್ನುವುದು ದೊಡ್ಡ ವಿಷಯ. ನೋಜಲ್ ಬಗ್ಗೆಯೂ ಪ್ರತ್ಯೇಕವಾಗಿ ಬರೆದಿದ್ದೇನೆ. ಕೀಟಕ್ಕೆ ಹೊಡೆಯಲು ಹನಿಯನ್ನು ಉಂಗುರದಂತೆ ಹರಡುವ ಹಾಲೋ ಕೋನ್, ಕಳೆನಾಶಕಕ್ಕೆ ಬೀಸಣಿಗೆಯಂತೆ ಹರಡುವ ಫ್ಲಾಟ್ ಫ್ಯಾನ್. ಕಳೆನಾಶಕ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯದೆ ತೊಗರಿಗೆ ಹೊಡೆದರೆ ಬೆಳೆ ಸುಟ್ಟುಹೋಗುತ್ತದೆ. ಆ ಲೇಖನದಲ್ಲಿ ಮಾಸ್ಕು ಮತ್ತು ಕೈಗವಸಿನ ಲಿಂಕೂ ಇವೆ. ಅವುಗಳಿಂದ ಸಿಗುವ ಕಮಿಷನ್ ಏನೂ ಇಲ್ಲ ಅನ್ನುವಷ್ಟು. ಆದರೂ ಪ್ರತಿ ಪಂಪಿನ ಬರಹದಲ್ಲೂ ಅವು ಇರಲೇಬೇಕು. ಬರೀ ಮೈಯಲ್ಲಿ, ಗಾಳಿಗೆ ಎದುರಾಗಿ ನಿಂತು ಎಣ್ಣೆ ಹೊಡೆಯುವವರನ್ನು ನೋಡುತ್ತಲೇ ಬೆಳೆದವನು ನಾನು.

ಒಮ್ಮೆ ನಮ್ಮೂರ ಪಕ್ಕದ ಊರಿನ ಹಿರಿಯರೊಬ್ಬರು ಫೋನ್ ಮಾಡಿದರು. ‘ತಮ್ಮಾ, ನಿನ್ನ ವಿಡಿಯೊ ನೋಡೀನಿ. ಆ ಡಬಲ್ ಮೋಟಾರಿನ ಪಂಪ್ ತಗೊಳ್ಳಲ್ಯಾ?’

‘ಕಾಕಾ, ಎಷ್ಟ ಎಕರೆ ಅದ ನಿಮ್ದು?’

‘ಎರಡ ಎಕರೆ ತೊಗರಿ, ಹತ್ತ ಗಿಡ ಲಿಂಬಿ.’

‘ಹಂಗಾದ್ರ ಡಬಲ್ ಮೋಟಾರ್ ಬ್ಯಾಡ್ರೀ. ಮೊದಲ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಕೇಳ್ರಿ. ಸಬ್ಸಿಡಿದಾಗ ಪಂಪ್ ಬಂದಿದ್ರ ಅರ್ಧ ರೊಕ್ಕದಾಗ ಸಿಗ್ತದ.’

ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಇದೆ. ಈ ಮಾತನ್ನು ನಾನು ಪ್ರತಿ ಲೇಖನದ ಮೊದಲ ಭಾಗದಲ್ಲೇ, ಲಿಂಕಿಗಿಂತ ಮೇಲೆ ಬರೆಯುತ್ತೇನೆ. ಹೀಗೆ ಬರೆದರೆ ಕಮಿಷನ್ ಕಳೆದುಕೊಳ್ಳುತ್ತೀಯಲ್ಲ ಎಂದು ಗೆಳೆಯರು ಕೇಳುತ್ತಾರೆ. ಆ ಒಂದು ಪಂಪಿನ ಕಮಿಷನ್ ಹೋಗುವುದು ನಿಜ. ಆದರೆ ಅದೇ ಕಾಕಾ ಮುಂದೆ ಟಾರ್ಪಾಲು, ಹೆಡ್‌ಲೈಟು, ಮಗಳ ಮನೆಗೆ ಮಿಕ್ಸರು ಕೊಳ್ಳುವಾಗ ನನ್ನನ್ನು ಕೇಳಿಯೇ ಕೊಂಡರು. ಲಿಂಕ್ ಒತ್ತಿ ಹೋದವರು ಬೇರೆ ವಸ್ತು ಕೊಂಡರೂ ಕಮಿಷನ್ ಬರುತ್ತದೆ. ಕೊಳ್ಳಬೇಡಿ ಎಂದು ಹೇಳಬೇಕಾದಲ್ಲಿ ಹೇಳುವವನ ಮಾತನ್ನೇ, ಕೊಳ್ಳಿ ಎಂದಾಗ ಜನ ನಂಬುತ್ತಾರೆ. ಇದನ್ನು ನಾನು ವ್ಯಾಪಾರದ ಉಪಾಯವಾಗಿ ಹೇಳುತ್ತಿಲ್ಲ. ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವ ಜನರಿಗೆ ಬರೆಯುವಾಗ ಬೇರೆ ದಾರಿಯೇ ಇಲ್ಲ.

ಬೆಲೆಯನ್ನು ಮಾತ್ರ ಬರೆಯುವುದಿಲ್ಲ. ಅದು ದಿನಕ್ಕೊಂದು, ಮೇಲಾಗಿ ನಾವು ಕೈಯಿಂದ ಬೆಲೆ ಬರೆದು ಹಾಕುವುದಕ್ಕೆ ಅಮೆಜಾನಿನ ನಿಯಮದಲ್ಲಿ ಅವಕಾಶವಿಲ್ಲ. ಅಲ್ಲಿನ ಗ್ರಾಹಕರ ಅಭಿಪ್ರಾಯಗಳನ್ನು ನಕಲು ಮಾಡಿ ಹಾಕುವಂತಿಲ್ಲ. ಲಿಂಕನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವಂತಿಲ್ಲ. ಬ್ಲಾಗಿಗೊಂದು, ಯೂಟ್ಯೂಬಿಗೊಂದು ಬೇರೆ ಬೇರೆ ಟ್ರ್ಯಾಕಿಂಗ್ ಐಡಿ (ಲಿಂಕಿನೊಳಗಿನ ಗುರುತು) ಮಾಡಿಕೊಂಡರೆ ಯಾವ ಕಡೆಯಿಂದ ಮಾರಾಟ ಆಯಿತು ಎಂದು ತಿಳಿಯುತ್ತದೆ. ನನ್ನ ಲೆಕ್ಕದಲ್ಲಿ ನೋಡುವವರು ಹೆಚ್ಚು ವಿಡಿಯೊಗೆ, ಕೊಳ್ಳುವವರು ಹೆಚ್ಚು ಬರಹದಿಂದ.

ಯೂಟ್ಯೂಬಿನ ವಿಚಾರದಲ್ಲಿ ನಮ್ಮ ಹುಡುಗರು ಶಾರ್ಟ್ಸ್ ಹಿಂದೆ ಬಹಳ ಓಡುತ್ತಾರೆ. 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ. ಲಿಂಕಿನಿಂದ ದುಡಿಯಬೇಕಾದರೆ ಉದ್ದದ ವಿಡಿಯೊನೇ ಬೇಕು. ಶಾರ್ಟ್ಸನ್ನು ನಾನು ಉದ್ದದ ವಿಡಿಯೊ ಕಡೆಗೆ ಜನರನ್ನು ಕರೆತರಲು ಮಾತ್ರ ಇಟ್ಟುಕೊಂಡಿದ್ದೇನೆ. ಜಾಹೀರಾತಿನ ಪಾಲು ಬೇಕಾದರೆ 1000 ಚಂದಾದಾರರು, ಹಿಂದಿನ 12 ತಿಂಗಳಲ್ಲಿ 4000 ಗಂಟೆಯ ವೀಕ್ಷಣೆ ಆಗಿರಬೇಕು, ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಉದ್ದದ ವಿಡಿಯೊದ ಜಾಹೀರಾತಿನಲ್ಲಿ ಶೇ 55 ನಮಗೆ. 2024ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಯೂಟ್ಯೂಬ್ ತನ್ನದೇ ಶಾಪಿಂಗ್ ಯೋಜನೆಯನ್ನು ಭಾರತಕ್ಕೆ ತಂದಿದೆ, ವಿಡಿಯೊದೊಳಗೇ ವಸ್ತುವನ್ನು ತೋರಿಸಬಹುದು.

ಬ್ಲಾಗಿಗೆ ಗೂಗಲಿನ ಜಾಹೀರಾತು, ಅಂದರೆ ಆಡ್‌ಸೆನ್ಸ್, ಹಾಕುವವರಿಗೆ ಒಂದು ಮಾತು. ಕನ್ನಡ ಆಡ್‌ಸೆನ್ಸ್ ಒಪ್ಪುವ ಭಾಷೆಗಳ ಪಟ್ಟಿಯಲ್ಲಿದೆ. ಗಳಿಕೆ 10 ಡಾಲರ್ ಮುಟ್ಟಿದಾಗ ಅವರು ವಿಳಾಸ ಖಚಿತಪಡಿಸಲು ಒಂದು ಪಿನ್ ಸಂಖ್ಯೆಯನ್ನು ಸಾದಾ ಅಂಚೆಯಲ್ಲಿ ಕಳಿಸುತ್ತಾರೆ. ಸಣ್ಣ ಬಿಳಿ ಕಾಗದ, ನೋಡಲು ಯಾವುದೋ ಜಾಹೀರಾತಿನಂತಿರುತ್ತದೆ. ರಿಜಿಸ್ಟರ್ ಅಲ್ಲವಾದ್ದರಿಂದ ಸಹಿ ಇಲ್ಲ, ತಡವಾದರೆ ಹುಡುಕುವ ದಾರಿಯೂ ಇಲ್ಲ. ಆದ್ದರಿಂದ ವಿಳಾಸ ಬರೆಯುವಾಗ ತಂದೆಯ ಹೆಸರು, ಓಣಿ, ಅಂಚೆ ಕಚೇರಿಯ ಊರು, ತಾಲ್ಲೂಕು ಎಲ್ಲವನ್ನೂ ಪೋಸ್ಟ್‌ಮನ್‌ಗೆ ತಿಳಿಯುವಂತೆ ಬರೆಯಿರಿ, ಅವರಿಗೆ ಮೊದಲೇ ಹೇಳಿಯೂ ಇಡಿ. ನಾಲ್ಕು ತಿಂಗಳಲ್ಲಿ ಆ ಸಂಖ್ಯೆ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. 100 ಡಾಲರ್ ತುಂಬಿದ ಮೇಲೆ ಹಣ ಬ್ಯಾಂಕಿಗೆ ಬರುತ್ತದೆ, ಅದಕ್ಕೆ ಸ್ವಿಫ್ಟ್ ಕೋಡ್, ಅಂದರೆ ವಿದೇಶದ ಹಣ ಪಡೆಯಲು ಬೇಕಾದ ಬ್ಯಾಂಕಿನ ಗುರುತು, ಬೇಕು. ನಮ್ಮ ಕಡೆಯ ಸಣ್ಣ ಶಾಖೆಗಳಿಗೆ ಬಹಳಷ್ಟು ಸಲ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ದೊಡ್ಡ ಶಾಖೆಯದನ್ನು ಕೇಳಿ ಪಡೆಯಬೇಕು. ಅಮೆರಿಕದ ತೆರಿಗೆಯ ಫಾರ್ಮನ್ನೂ ತುಂಬಿ ಇಡಬೇಕು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಹಂಗಾಮು. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಹೂವಿಗೆ ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ಕಾಯಿಕೊರಕದ ಕಾಟ ಆಗಲೇ. ದ್ರಾಕ್ಷಿಯ ಹಣ್ಣಿನ ಚಾಟ್ನಿಯೂ (ಹಣ್ಣಿಗಾಗಿ ಬಳ್ಳಿ ಕತ್ತರಿಸುವುದು) ಅಕ್ಟೋಬರಿನಲ್ಲೇ. ದಸರೆ, ದೀಪಾವಳಿಯ ಆನ್‌ಲೈನ್ ರಿಯಾಯಿತಿ ಮಾರಾಟವೂ ಆ ಹೊತ್ತಿಗೇ. ನನ್ನ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಈ ದಿನಗಳದ್ದು. ಅದಕ್ಕೆ ಬೇಕಾದ ಬರಹ, ವಿಡಿಯೊ ಆಗಸ್ಟ್ ಹೊತ್ತಿಗೆ ಸಿದ್ಧವಾಗಿರಬೇಕು. ಗೂಗಲ್ ಹೊಸ ಬರಹವನ್ನು ಮೇಲಕ್ಕೆ ತರಲು ಸಮಯ ತೆಗೆದುಕೊಳ್ಳುತ್ತದೆ. ಫೆಬ್ರುವರಿಯಲ್ಲಿ ಪಂಪು ಕೊಳ್ಳುವವರಿಲ್ಲ, ಆಗ ‘ಬ್ಯಾಟರಿಯನ್ನು ಬೇಸಿಗೆಯಲ್ಲಿ ಹೇಗೆ ಇಡಬೇಕು’ ಎಂದು ಬರೆಯುತ್ತೇನೆ. ಸೀಸದ ಬ್ಯಾಟರಿಯನ್ನು ಖಾಲಿ ಮಾಡಿ ಮೂಲೆಗೆ ಎಸೆದರೆ ಮುಂದಿನ ಮಳೆಗಾಲಕ್ಕೆ ಅದು ಚಾರ್ಜ್ ಹಿಡಿಯುವುದಿಲ್ಲ, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಆ ಬರಹದಿಂದ ಆಗ ಒಂದು ರೂಪಾಯಿಯೂ ಬರುವುದಿಲ್ಲ. ಅದನ್ನು ಓದಿದವರು ಅಕ್ಟೋಬರಿನಲ್ಲಿ ಮತ್ತೆ ಬರುತ್ತಾರೆ.

ಲಿಂಕಿನಿಂದ ಕಮಿಷನ್ ಸಿಗುತ್ತದೆ ಎಂದು ಲೇಖನದ ಆರಂಭದಲ್ಲೇ, ವಿಡಿಯೊದಲ್ಲಿ ಬಾಯಿಬಿಟ್ಟು ಕನ್ನಡದಲ್ಲೇ ಹೇಳಬೇಕು. ಅಮೆಜಾನ್ ಇದನ್ನು ಕಡ್ಡಾಯ ಮಾಡಿದೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ದಾರಿತಪ್ಪಿಸುವ ಪ್ರಚಾರಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೇಳಿದ್ದರಿಂದ ಜನ ಲಿಂಕ್ ಒತ್ತುವುದನ್ನು ಬಿಡುತ್ತಾರೆ ಎಂಬ ಭಯ ಬೇಡ. ‘ನಿನಗೂ ನಾಲ್ಕ ದುಡ್ಡು ಬರ್ಲಿ ಬಿಡಪಾ’ ಎಂದು ಒತ್ತುವವರೇ ನಮ್ಮಲ್ಲಿ ಹೆಚ್ಚು.

ಮೊದಲು ಹಣ ಕಟ್ಟಿಸಿಕೊಳ್ಳುವ ಯಾವುದೂ ಈ ಕೆಲಸ ಅಲ್ಲ. ಟೆಲಿಗ್ರಾಮಿನಲ್ಲಿ ವಿಡಿಯೊ ಲೈಕ್ ಮಾಡಿದರೆ ಐವತ್ತು ರೂಪಾಯಿ ಎಂದು ಶುರುಮಾಡಿ, ಆಮೇಲೆ ದೊಡ್ಡ ಟಾಸ್ಕಿಗೆ ಸಾವಿರ ಕಟ್ಟು, ಹತ್ತು ಸಾವಿರ ಕಟ್ಟು ಎನ್ನುವ ಮೋಸದಲ್ಲಿ ನಮ್ಮ ತಾಲ್ಲೂಕಿನ ಹುಡುಗರೂ ದುಡ್ಡು ಕಳೆದುಕೊಂಡಿದ್ದಾರೆ. ಸಿಕ್ಕಿಹಾಕಿಕೊಂಡವರು ನಾಚಿಕೆ ಪಡದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಹೇಳಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ತೆರಿಗೆಯ ಬಗ್ಗೆ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಕೃಷಿಯ ಬಗ್ಗೆಯೇ ಬರೆದು ಗಳಿಸಿದ್ದಕ್ಕೂ ಇಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಪಂಪಿನ ಲಿಂಕಿನಿಂದ ಬಂದದ್ದು ಕೃಷಿ ಆದಾಯ ಆಗುವುದಿಲ್ಲ, ರಿಟರ್ನ್ಸಿನಲ್ಲಿ ತೋರಿಸಬೇಕು. ಕಮಿಷನ್ ಮೇಲಿನ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) 2024ರ ಅಕ್ಟೋಬರಿನಿಂದ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ. ಪಂಪು ತರಿಸಿದ ಬಿಲ್ಲು, ಇಂಟರ್ನೆಟ್ಟಿನ ಬಿಲ್ಲು ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟರೆ ಖರ್ಚಾಗಿ ತೋರಿಸಬಹುದು.

ಕಮಿಷನ್ ಕೈಗೆ ಬರುವುದು ತಿಂಗಳು ಮುಗಿದು ಸುಮಾರು 60 ದಿನದ ಮೇಲೆ. ನವೆಂಬರಿನ ಮಾರಾಟದ ಹಣ ಜನವರಿ ಕೊನೆಯ ಹೊತ್ತಿಗೆ. ಆ ಹಣದಲ್ಲಿ ಈ ಸಲ ಎರಡು ಲಿಥಿಯಂ ಬ್ಯಾಟರಿಯ ಪಂಪು ತರಿಸುತ್ತಿದ್ದೇನೆ. ಸೀಸದ್ದಕ್ಕಿಂತ ಹಗುರ ಇರುತ್ತವೆ, ಬೆಲೆ ಹೆಚ್ಚು. ಆ ಹೆಚ್ಚಿನ ಬೆಲೆ ಎರಡು ಎಕರೆಯವನಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಜಗ್ಗು ಹಿಡಿದು ಅಳೆದು, ಮುಂದಿನ ತೊಗರಿ ಹೂವಿಗೆ ಬರುವ ಮುಂಚೆ ಬರೆಯುತ್ತೇನೆ.